ಇಂಧನ ಕೋಶ ಕಟ್ಟಿದ್ದಾಯಿತು, ವೋಲ್ಟೇಜ್ ಏಕೆ ಬರುತ್ತಿಲ್ಲ? ಪೊರೆ, ಇಂಕು, ಗ್ಯಾಸ್ಕೆಟ್ ಕುರಿತು ವಿವರವಾದ ಉತ್ತರ

ಪ್ರಶ್ನೆ: ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ 5 ಚದರ ಸೆಂ.ಮೀ. ಅಳತೆಯ ಜಲಜನಕ-ಗಾಳಿ ಇಂಧನ ಕೋಶ ಜೋಡಿಸಿದ್ದೇವೆ. ಪೊರೆ ನಾಫಿಯಾನ್ 212 (ಪ್ರೋಟಾನ್ ಸಾಗಿಸುವ ಪಾಲಿಮರ್ ಹಾಳೆ). 50 ಮಿ.ಗ್ರಾಂ 40% ಪ್ಲಾಟಿನಂ-ಕಾರ್ಬನ್ ಪುಡಿಗೆ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಮತ್ತು ಒಂದೆರಡು ಹನಿ ನಾಫಿಯಾನ್ ದ್ರಾವಣ ಸೇರಿಸಿ, ಕಾರ್ಬನ್ ಪೇಪರ್ ಮೇಲೆ ಬ್ರಶ್‌ನಿಂದ ಬಳಿದಿದ್ದೇವೆ. 130 ಡಿಗ್ರಿಯಲ್ಲಿ ಹಾಟ್ ಪ್ರೆಸ್ ಮಾಡಿದೆವು. ಎರಡೂ ಕಡೆ 0.5 ಮಿ.ಮೀ. ಸಿಲಿಕೋನ್ ಗ್ಯಾಸ್ಕೆಟ್ ಇದೆ. ಕೋಶ 70 ಡಿಗ್ರಿ, ತೇವದ ಬಾಟಲಿಗಳು 60 ಡಿಗ್ರಿ, ಎರಡೂ ಅನಿಲ ನಿಮಿಷಕ್ಕೆ 100 ಮಿ.ಲೀ. ಲೋಡ್ ಇಲ್ಲದಾಗ 0.82 ವೋಲ್ಟ್, ಚದರ ಸೆಂ.ಮೀ.ಗೆ 200 ಮಿಲಿಆಂಪ್ ಎಳೆದರೆ 0.30ಕ್ಕೆ ಕುಸಿಯುತ್ತದೆ. 1 ಕಿಲೋಹರ್ಟ್ಸ್ ಮೀಟರಿನಲ್ಲಿ ರೋಧ 90 ಮಿಲಿಓಮ್. ಕ್ಯಾಟಲಿಸ್ಟ್ ಕೆಟ್ಟಿದೆಯೇ? ನಾಫಿಯಾನ್ ದುಬಾರಿ, ಬದಲಿಗೆ ನಾವೇ ಪೊರೆ ತಯಾರಿಸಬಹುದೇ? ವಿದ್ಯಾರ್ಥಿಯೊಬ್ಬರು ಮಾಡಿದ ಕೋಬಾಲ್ಟ್-ನೈಟ್ರೋಜನ್-ಕಾರ್ಬನ್ ಪುಡಿ ಕೆಓಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣದಲ್ಲಿ ಪ್ಲಾಟಿನಂಗೆ ಸಮನಾಗಿ ಕೆಲಸ ಮಾಡಿದೆ. ಅದನ್ನು ಇದೇ ಕೋಶದಲ್ಲಿ ಹಾಕಬಹುದೇ?

ಉತ್ತರ: ಕ್ಯಾಟಲಿಸ್ಟ್ ಮೇಲೆ ಅನುಮಾನ ಬೇಡ. 40% ಪ್ಲಾಟಿನಂ ಪುಡಿ ಡಬ್ಬಿಯಲ್ಲಿ ಸುಮ್ಮನೆ ಕೆಡುವ ವಸ್ತುವಲ್ಲ. ನೀವು ಅಂಕಿಗಳನ್ನು ಕೊಟ್ಟಿರುವುದರಿಂದ ತಪ್ಪು ಎಲ್ಲೆಲ್ಲಿದೆ ಎಂದು ಕೂತಲ್ಲೇ ಲೆಕ್ಕ ಹಾಕಬಹುದು. ನನಗೆ ಕಾಣುವಂತೆ ತಪ್ಪು ನಾಲ್ಕು ಕಡೆ ಇದೆ: ಪೊರೆಯಲ್ಲಿ ಸೋರಿಕೆ ಅಥವಾ ಶಾರ್ಟ್, ತೀರ ದಪ್ಪ ಗ್ಯಾಸ್ಕೆಟ್, ಒಣ ಅನಿಲ, ಇಂಕಿನಲ್ಲಿ (ನೀವು ಬಳಿದ ಕ್ಯಾಟಲಿಸ್ಟ್ ಮಿಶ್ರಣದಲ್ಲಿ) ಅಯಾನೊಮರ್, ಅಂದರೆ ಪ್ರೋಟಾನ್ ಸಾಗಿಸುವ ನಾಫಿಯಾನ್ ದ್ರಾವಣದ ಕೊರತೆ. ನಾಲ್ಕನ್ನೂ ದೊಡ್ಡ ಉಪಕರಣ ಕೊಳ್ಳದೆ ಸರಿ ಮಾಡಬಹುದು.

ಮೊದಲು ಹೋಲಿಕೆಗೊಂದು ಅಳತೆಗೋಲು ಬೇಕು. ಕ್ಯಾಥೋಡಿನಲ್ಲಿ (ಗಾಳಿಯ ಕಡೆಯ ಎಲೆಕ್ಟ್ರೋಡಿನಲ್ಲಿ) ಚದರ ಸೆಂ.ಮೀ.ಗೆ 0.4 ಮಿ.ಗ್ರಾಂ ಪ್ಲಾಟಿನಂ, ನಾಫಿಯಾನ್ 212, 80 ಡಿಗ್ರಿ, ತೇವ ತುಂಬಿದ ಜಲಜನಕ ಮತ್ತು ಗಾಳಿ: ಇಂಥ ಆರೋಗ್ಯವಂತ ಕೋಶ ಲೋಡ್ ಇಲ್ಲದಾಗ 0.95 ವೋಲ್ಟ್ ಅಥವಾ ಮೇಲೆ, 200 ಮಿಲಿಆಂಪ್‌ನಲ್ಲಿ ಸುಮಾರು 0.78ರಿಂದ 0.80, 1000 ಮಿಲಿಆಂಪ್‌ನಲ್ಲಿ 0.6ರ ಮೇಲೆ ನಿಲ್ಲಬೇಕು. ಇನ್ನು ರೋಧ. ನಾಫಿಯಾನ್ 212ರ ದಪ್ಪ 50.8 ಮೈಕ್ರೋಮೀಟರ್. ಚೆನ್ನಾಗಿ ತೇವಗೊಂಡ ಪೊರೆಯ ಪ್ರೋಟಾನ್ ವಾಹಕತೆ ಸೆಂ.ಮೀ.ಗೆ ಸುಮಾರು 0.1 ಸೀಮೆನ್ಸ್. ಭಾಗಿಸಿದರೆ 0.05 ಓಮ್-ಚದರ ಸೆಂ.ಮೀ.; ಕಾರ್ಬನ್ ಪೇಪರ್ ಮತ್ತು ಗ್ರಾಫೈಟ್ ತಟ್ಟೆಯ ಸಂಪರ್ಕ ರೋಧ ಸೇರಿ 0.06ರಿಂದ 0.08. ನಿಮ್ಮ 5 ಚದರ ಸೆಂ.ಮೀ. ಕೋಶಕ್ಕೆ ಅದು 12ರಿಂದ 16 ಮಿಲಿಓಮ್ ಆಗಬೇಕಿತ್ತು. ನಿಮಗೆ ಬಂದದ್ದು 90.

ಆದರೆ ಈ 90 ಎಲ್ಲವನ್ನೂ ವಿವರಿಸುವುದಿಲ್ಲ. 200 ಮಿಲಿಆಂಪ್ ಎಂದರೆ ನಿಮ್ಮ ಕೋಶದಲ್ಲಿ ಒಟ್ಟು 1 ಆಂಪ್. 90 ಮಿಲಿಓಮ್‌ಗೆ ನಷ್ಟ 90 ಮಿಲಿವೋಲ್ಟ್ ಮಾತ್ರ. 0.82ರಿಂದ 0.30ಕ್ಕೆ ಬಿದ್ದದ್ದು 520 ಮಿಲಿವೋಲ್ಟ್. ಉಳಿದ 430ರಲ್ಲಿ ನೂರು-ನೂರೈವತ್ತು ಮಿಲಿವೋಲ್ಟ್ ಯಾವ ಕೋಶದಲ್ಲಾದರೂ ಆಗುವ ನಷ್ಟ. ಮಿಕ್ಕದ್ದು ಕ್ಯಾಟಲಿಸ್ಟ್ ಪದರದ ಒಳಗೆ ಹೋಗುತ್ತಿದೆ. ಅನಿಲ ಸಾಲದು ಎನ್ನುವಂತಿಲ್ಲ: 1 ಆಂಪ್‌ಗೆ ನಿಮಿಷಕ್ಕೆ ಬೇಕಾದದ್ದು ಸುಮಾರು 7 ಮಿ.ಲೀ. ಜಲಜನಕ, 16.6 ಮಿ.ಲೀ. ಗಾಳಿ. 100 ಮಿ.ಲೀ. ಗಾಳಿ ಅದರ ಆರು ಪಟ್ಟು. ಆದರೆ ಮುಂದೆ ಕೋಶ ಸುಧಾರಿಸಿ 5 ಆಂಪ್ ಎಳೆಯುವಾಗ 83 ಮಿ.ಲೀ. ಗಾಳಿ ಕೋಶವೇ ತಿನ್ನುತ್ತದೆ, ಆಗ ಈ 100 ಸಾಲದು. ಗಾಳಿಯನ್ನು ಎರಡು ಪಟ್ಟು ಲೆಕ್ಕದಲ್ಲಿ 170ರ ಹತ್ತಿರ, ಜಲಜನಕವನ್ನು ಒಂದೂವರೆ ಪಟ್ಟು ಲೆಕ್ಕದಲ್ಲಿ 52ರ ಹತ್ತಿರ ಇಡಿ.

ಈಗ ಒಂದೊಂದಾಗಿ. 0.82 ವೋಲ್ಟ್‌ನಿಂದ ಶುರು ಮಾಡೋಣ, ಏಕೆಂದರೆ ಅದು ಸರಿಹೋಗದೆ ಮಿಕ್ಕ ಯಾವ ಅಳತೆಯನ್ನೂ ನಂಬಲಾಗದು.

ಲೋಡ್ ಇಲ್ಲದಾಗ ಹೊರಗೆ ಕರೆಂಟ್ ಹರಿಯದಿದ್ದರೂ ಒಳಗೆ ಒಂದಿಷ್ಟು ಜಲಜನಕ ಪೊರೆ ದಾಟಿ ಕ್ಯಾಥೋಡಿನಲ್ಲಿ ಸುಟ್ಟುಹೋಗುತ್ತದೆ. ಒಳ್ಳೆಯ 212 ಪೊರೆಯಲ್ಲಿ ಈ ನಷ್ಟ ಚದರ ಸೆಂ.ಮೀ.ಗೆ 1ರಿಂದ 2 ಮಿಲಿಆಂಪ್‌ಗೆ ಸಮ. ಪ್ಲಾಟಿನಂ ಮೇಲೆ ಆಮ್ಲಜನಕದ ಕ್ರಿಯೆಯಲ್ಲಿ ಕರೆಂಟ್ ಹತ್ತು ಪಟ್ಟಾದರೆ ವೋಲ್ಟೇಜ್ 80 ಡಿಗ್ರಿಯಲ್ಲಿ ಸುಮಾರು 70 ಮಿಲಿವೋಲ್ಟ್ ಇಳಿಯುತ್ತದೆ. ನಿಮ್ಮಲ್ಲಿ ಇಳಿದದ್ದು 130. ಅಂದರೆ ಒಳಗಿನ ಸೋರಿಕೆ ಸಾಮಾನ್ಯಕ್ಕಿಂತ ಹತ್ತಾರು ಪಟ್ಟು. ತೆಳ್ಳಗಿನ ಪೊರೆ ಎಂಬ ಕಾರಣಕ್ಕೆ ಇಷ್ಟಾಗುವುದಿಲ್ಲ. ಪೊರೆಯಲ್ಲಿ ತೂತಿದೆ, ಇಲ್ಲವೇ ಕಾರ್ಬನ್ ಪೇಪರಿನ ಎಳೆ ಪೊರೆಯನ್ನು ಚುಚ್ಚಿ ಎರಡು ಕಡೆಯನ್ನೂ ಜೋಡಿಸಿದೆ.

ಎರಡರಲ್ಲಿ ಯಾವುದು ಎಂದು ತಿಳಿಯುವುದು ಸುಲಭ. ಕೋಶಕ್ಕೆ ನೈಟ್ರೋಜನ್ ಹಾಯಿಸಿ ಜಲಜನಕವನ್ನು ಪೂರ್ತಿ ಹೊರಹಾಕಿ. ಆನೋಡಿನ (ಜಲಜನಕದ ಕಡೆಯ) ಹೊರದಾರಿ ಮತ್ತು ಕ್ಯಾಥೋಡಿನ ಒಳದಾರಿ ಮುಚ್ಚಿ, ಆನೋಡಿಗೆ 0.3 ಬಾರ್ ನೈಟ್ರೋಜನ್ ಕೊಟ್ಟು, ಕ್ಯಾಥೋಡಿನ ಹೊರಕೊಳವೆಯನ್ನು ನೀರಿನ ಬೀಕರಿನಲ್ಲಿ ಮುಳುಗಿಸಿ. ಗುಳ್ಳೆ ಬಿಡದೆ ಬರುತ್ತಿದ್ದರೆ ತೂತು ಅಥವಾ ಗ್ಯಾಸ್ಕೆಟ್ ಒಳಅಂಚಿನ ಸೋರಿಕೆ. ಗುಳ್ಳೆ ಬಾರದಿದ್ದರೆ ಪೊಟೆನ್ಶಿಯೊಸ್ಟಾಟ್ (ವೋಲ್ಟೇಜನ್ನು ಹಿಡಿದಿಟ್ಟು ಕರೆಂಟ್ ಅಳೆಯುವ ಉಪಕರಣ) ಹಚ್ಚಿ: ಆನೋಡಿಗೆ ಜಲಜನಕ, ಕ್ಯಾಥೋಡಿಗೆ ನೈಟ್ರೋಜನ್, ಕ್ಯಾಥೋಡನ್ನು 0.05ರಿಂದ 0.5 ವೋಲ್ಟ್‌ವರೆಗೆ ಸೆಕೆಂಡಿಗೆ 2 ಮಿಲಿವೋಲ್ಟ್ ವೇಗದಲ್ಲಿ ಏರಿಸಿ. 0.3 ವೋಲ್ಟ್ ದಾಟಿದ ಮೇಲೆ ಕರೆಂಟ್ ಸಮತಟ್ಟಾಗಿ ನಿಂತರೆ ಆ ಮಟ್ಟವೇ ದಾಟುವ ಜಲಜನಕದ ಲೆಕ್ಕ. ಸಮತಟ್ಟಾಗದೆ ನೇರ ಗೆರೆಯಾಗಿ ಏರುತ್ತಲೇ ಹೋದರೆ ಶಾರ್ಟ್. ಗೆರೆಯ ಇಳಿಜಾರಿನಿಂದ ಶಾರ್ಟ್‌ನ ರೋಧವೂ ಸಿಗುತ್ತದೆ. ಇನ್ನೊಂದು ಗುರುತು: ಆನೋಡಿನ ಒತ್ತಡ ಸ್ವಲ್ಪ ಏರಿಸಿದಾಗ ಲೋಡ್ ಇಲ್ಲದ ವೋಲ್ಟೇಜ್ ತಕ್ಷಣ ಇಳಿದರೆ ತೂತು, ಅಲುಗದಿದ್ದರೆ ಶಾರ್ಟ್.

ತೂತು-ಶಾರ್ಟ್ ಬಹುಪಾಲು ಆಗುವುದು ಕಾರ್ಬನ್ ಪೇಪರನ್ನು ಕತ್ತರಿಸಿದ ಅಂಚಿನಲ್ಲಿ. ಕತ್ತರಿಯಿಂದ ಕತ್ತರಿಸಿದರೆ ಅಂಚಿನ ಎಳೆಗಳು ಮೇಲೆದ್ದು ನಿಲ್ಲುತ್ತವೆ, ಪ್ರೆಸ್ ಒತ್ತಿದಾಗ ಸೂಜಿಯ ಹಾಗೆ ಇಳಿಯುತ್ತವೆ. ಹೊಸ ಬ್ಲೇಡ್ ಅಥವಾ ಉಕ್ಕಿನ ಡೈ ಬಳಸಿ, ಅಂಚನ್ನು ಭೂತಗನ್ನಡಿಯಲ್ಲಿ ನೋಡಿ, ಎದ್ದ ಎಳೆಗಳನ್ನು ಚಿಮಟದಿಂದ ತೆಗೆದು, ಧೂಳನ್ನು ಒಣ ನೈಟ್ರೋಜನ್‌ನಿಂದ ಊದಿ. ಸೂಕ್ಷ್ಮರಂಧ್ರ ಪದರವಿರುವ ಪೇಪರ್ (ಎಸ್‌ಜಿಎಲ್ 29ಬಿಸಿ ಥರದ್ದು) ಆದರೆ ಆ ಪದರ ಪೊರೆಯ ಕಡೆ ಬರಬೇಕು. ಎಳೆ ಕಾಣದೆ ನಯವಾಗಿ, ಮಸಿ ಬಳಿದಂತಿರುವ ಮುಖ ಅದು. ತಿರುವುಮುರುವು ಇಟ್ಟವರು ಕಡಿಮೆಯಲ್ಲ.

ಎರಡನೆಯದು ಗ್ಯಾಸ್ಕೆಟ್. ಇದು ನಿಮ್ಮ ಪತ್ರದಲ್ಲಿ ಮೊದಲು ಕಣ್ಣಿಗೆ ಹೊಡೆದ ಸಂಗತಿ. 29ಬಿಸಿ ಪೇಪರಿನ ದಪ್ಪ 235 ಮೈಕ್ರೋಮೀಟರ್. ಅದರ ಮೇಲೆ ಚದರ ಸೆಂ.ಮೀ.ಗೆ 0.4 ಮಿ.ಗ್ರಾಂ ಪ್ಲಾಟಿನಂನ ಪದರ ಹದಿನೈದಿಪ್ಪತ್ತು ಮೈಕ್ರೋಮೀಟರ್. ಒಟ್ಟು 0.25 ಮಿ.ಮೀ. ಗ್ಯಾಸ್ಕೆಟ್ 0.5 ಮಿ.ಮೀ. ಇದ್ದರೆ ಸಿಲಿಕೋನ್ ಎಷ್ಟೇ ಬಗ್ಗಲಿ, ತಟ್ಟೆ ಪೇಪರನ್ನು ಸರಿಯಾಗಿ ಒತ್ತುವುದೇ ಇಲ್ಲ. ಬೋಲ್ಟನ್ನು ಬಿಗಿಮಾಡಿದಷ್ಟೂ ಒತ್ತಡವೆಲ್ಲ ಗ್ಯಾಸ್ಕೆಟ್ ಮೇಲೆಯೇ. ಕಾರ್ಬನ್ ಪೇಪರ್ ತನ್ನ ದಪ್ಪದ 20ರಿಂದ 25% ಅದುಮಿರಬೇಕು. ಅದಕ್ಕೆ ಹೆಚ್ಚು ಬಗ್ಗದ ಪಿಟಿಎಫ್‌ಇ (ಟೆಫ್ಲಾನ್) ಹಾಳೆ 0.2 ಮಿ.ಮೀ. ದಪ್ಪದ್ದು ತನ್ನಿ: 252ರಲ್ಲಿ 200 ಕಳೆದರೆ 52, ಅದು 235ರ 22%. ಬೇರೆ ಪೇಪರ್ ಬಳಸಿದರೆ ಇದೇ ಲೆಕ್ಕ ಮತ್ತೆ ಹಾಕಿ. ಉದಾಹರಣೆಗೆ ಟೋರೆ ಟಿಜಿಪಿ-ಎಚ್-060 ಪೇಪರ್ 190 ಮೈಕ್ರೋಮೀಟರ್; ಅದಕ್ಕೆ 0.2 ಗ್ಯಾಸ್ಕೆಟ್ ದಪ್ಪವಾಯಿತು, 0.15ರ ಆಸುಪಾಸು ಬೇಕು. ಕಡಿಮೆ ಅದುಮಿದರೆ ಸಂಪರ್ಕ ರೋಧ. 35-40% ಅದುಮಿದರೆ ಎಳೆಗಳು ಮುರಿದು, ರಂಧ್ರ ಮುಚ್ಚಿ, ನೀರು ಹೊರಹೋಗದೆ ಕೋಶ ಮುಳುಗುತ್ತದೆ. ಬಿಗಿ ಮಾಡುವಾಗ ಟಾರ್ಕ್ ರೆಂಚ್ ಬಳಸಿ, ಎದುರುಬದುರು ಬೋಲ್ಟ್‌ಗಳನ್ನು 1, 3, 5 ನ್ಯೂಟನ್-ಮೀಟರ್ ಹೀಗೆ ಹಂತಹಂತವಾಗಿ ಏರಿಸಿ. ಕೋಶ ತಯಾರಕರು ಬೇರೆ ಟಾರ್ಕ್ ಹೇಳಿದ್ದರೆ ಅದೇ ಕೊನೆಯ ಮಾತು.

ಮೂರನೆಯದು ತೇವ. ಬಾಟಲಿ 60 ಡಿಗ್ರಿ, ಕೋಶ 70 ಡಿಗ್ರಿ ಎಂದರೆ ಅನಿಲ ಕೋಶದೊಳಗೆ ಬಂದಾಗ ಅದರ ಸಾಪೇಕ್ಷ ಆರ್ದ್ರತೆ 64%. ಅದೂ ಬಾಟಲಿಯಲ್ಲಿ ಅನಿಲ ಪೂರ್ತಿ ತೇವಗೊಂಡು, ದಾರಿಯಲ್ಲಿ ತಣ್ಣಗಾಗದೆ ಬಂದರೆ. ಕೊಳವೆಗೆ ಹೀಟರ್ ಪಟ್ಟಿ ಸುತ್ತಿಲ್ಲದಿದ್ದರೆ ದಾರಿಯಲ್ಲೇ ನೀರು ಹನಿಗಟ್ಟಿ, ಅನಿಲ ಇನ್ನೂ ಒಣಗಿ, ಆಗಾಗ ಒಂದು ಹನಿ ಕೋಶಕ್ಕೆ ನುಗ್ಗಿ ವೋಲ್ಟೇಜ್ ಕುಣಿಯುತ್ತದೆ. ನಾಫಿಯಾನ್ ಒಳಗೆ ಪ್ರೋಟಾನ್ ಚಲಿಸುವುದು ಸಲ್ಫಾನಿಕ್ ಆಮ್ಲ ಗುಂಪುಗಳ ಸುತ್ತ ಕೂಡಿದ ನೀರಿನ ಮೂಲಕ. 64%ನಲ್ಲಿ ವಾಹಕತೆ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಎರಡೂ ಬಾಟಲಿಗಳನ್ನು ಕೋಶದ ತಾಪಕ್ಕೇ ತನ್ನಿ, ಕೊಳವೆಯನ್ನು ಅದಕ್ಕಿಂತ 5ರಿಂದ 10 ಡಿಗ್ರಿ ಹೆಚ್ಚು ಬಿಸಿಯಿಡಿ.

ಬಾಟಲಿಗೆ ಹಾಕುವ ನೀರೂ ಮುಖ್ಯ. ನಮ್ಮ ಕಡೆಯ ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಸೋಡಿಯಂ ಪೊರೆಗೆ ಹೊಕ್ಕರೆ ಪ್ರೋಟಾನ್ ಇರಬೇಕಾದ ಜಾಗದಲ್ಲಿ ಕೂತುಬಿಡುತ್ತವೆ, ತಾವಾಗಿ ಹೊರಬರುವುದಿಲ್ಲ. ಕಬ್ಬಿಣ ಇನ್ನೂ ಕೆಡುಕು: ಕೋಶದಲ್ಲಿ ಹುಟ್ಟುವ ಅಲ್ಪಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದು ಹೈಡ್ರಾಕ್ಸಿಲ್ ರ್‍ಯಾಡಿಕಲ್ ಮಾಡುತ್ತದೆ, ಅದು ಪೊರೆಯ ಸರಪಳಿಯನ್ನೇ ತಿನ್ನುತ್ತದೆ. ಹೊರಬರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದರೆ ಪೊರೆ ಸವೆಯುತ್ತಿದೆ ಎಂದೇ ಅರ್ಥ. ಆದ್ದರಿಂದ 18.2 ಮೆಗಾಓಮ್-ಸೆಂ.ಮೀ. ನೀರು, ಪ್ಲಾಸ್ಟಿಕ್ ಚಿಮಟ, ಆಮ್ಲದ ಹತ್ತಿರ ಉಕ್ಕಿನ ಚಮಚ ಇಲ್ಲ. ಜಲಜನಕದ ಶುದ್ಧತೆಯನ್ನೂ ನೋಡಿ: ವಾಹನಗಳ ಜಲಜನಕಕ್ಕೆ ಐಎಸ್‌ಒ 14687 ಮಾನಕ ಕಾರ್ಬನ್ ಮಾನಾಕ್ಸೈಡಿಗೆ ಇಟ್ಟ ಮಿತಿ 0.2 ಪಿಪಿಎಂ. ಪ್ಲಾಟಿನಂಗೆ ಅದು ಅಂಥ ವಿಷ.

ಇನ್ನು ಇಂಕು. ನನ್ನ ಲೆಕ್ಕದಲ್ಲಿ ನಿಮ್ಮ ದೊಡ್ಡ ನಷ್ಟ ಇಲ್ಲಿಯೇ. 50 ಮಿ.ಗ್ರಾಂ ಪುಡಿಯಲ್ಲಿ 20 ಮಿ.ಗ್ರಾಂ ಪ್ಲಾಟಿನಂ, 30 ಮಿ.ಗ್ರಾಂ ಕಾರ್ಬನ್. ಆಲ್ಕೊಹಾಲ್ ಬೆರೆತ ದ್ರಾವಣದ ಹನಿ 0.05 ಮಿ.ಲೀ.ಗಿಂತ ದೊಡ್ಡದಿರುವುದಿಲ್ಲ, 5% ದ್ರಾವಣದ ಎರಡು ಹನಿಯಲ್ಲಿ ಒಣ ನಾಫಿಯಾನ್ ಹೆಚ್ಚೆಂದರೆ 4.6 ಮಿ.ಗ್ರಾಂ. ಕಾರ್ಬನ್‌ಗೆ ಅಯಾನೊಮರ್‌ನ ತೂಕದ ಅನುಪಾತ 0.15. ಇರಬೇಕಾದದ್ದು 0.6ರಿಂದ 1.0. ಪ್ಲಾಟಿನಂ ಕಣ ಕೆಲಸ ಮಾಡಲು ಮೂರೂ ಸೇರಬೇಕು: ಕಾರ್ಬನ್ ಮೂಲಕ ಎಲೆಕ್ಟ್ರಾನ್, ರಂಧ್ರದ ಮೂಲಕ ಆಮ್ಲಜನಕ, ಅಯಾನೊಮರ್ ಮೂಲಕ ಪ್ರೋಟಾನ್. ನಿಮ್ಮ ಪದರದಲ್ಲಿ ಮೂರನೆಯ ದಾರಿಯೇ ಇಲ್ಲ. ಪೊರೆಗೆ ಅಂಟಿಕೊಂಡ ತೆಳು ಪಟ್ಟಿಯ ಪ್ಲಾಟಿನಂ ದುಡಿಯುತ್ತಿದೆ, ಮಿಕ್ಕದ್ದು ಸುಮ್ಮನೆ ಕೂತಿದೆ.

ಇಡೀ ಕ್ಷೇತ್ರಕ್ಕೆ ತಿರುವು ಸಿಕ್ಕಿದ್ದೂ ಇದೇ ಜಾಗದಲ್ಲಿ. ಮೊದಲು ಚದರ ಸೆಂ.ಮೀ.ಗೆ 4 ಮಿ.ಗ್ರಾಂ ಪ್ಲಾಟಿನಂ ಸುರಿಯುತ್ತಿದ್ದರು. ಅಮೆರಿಕದ ಲಾಸ್ ಅಲಮಾಸ್ ಪ್ರಯೋಗಾಲಯದಲ್ಲಿ ಇಯಾನ್ ರೈಸ್ಟ್ರಿಕ್ 1980ರ ದಶಕದಲ್ಲಿ ಎಲೆಕ್ಟ್ರೋಡಿನೊಳಕ್ಕೆ ನಾಫಿಯಾನ್ ದ್ರಾವಣ ಇಳಿಸಿದಾಗ 0.4 ಮಿ.ಗ್ರಾಂ ಸಾಕಾಯಿತು. ಅಲ್ಲಿಯೇ ಮಾಲನ್ ವಿಲ್ಸನ್ ಮತ್ತು ಶಿಮ್ಶೋನ್ ಗಾಟೆಸ್‌ಫೆಲ್ಡ್ ಕಾರ್ಬನ್, ಪ್ಲಾಟಿನಂ, ನಾಫಿಯಾನ್ ಮೂರನ್ನೂ ಇಂಕಿನಲ್ಲೇ ಬೆರೆಸಿ ಪೊರೆಗೆ ಹಚ್ಚುವ ತೆಳುಪದರದ ವಿಧಾನವನ್ನು 1992ರಲ್ಲಿ ಪ್ರಕಟಿಸಿದರು. ಇಂದು ನಾವೆಲ್ಲ ಮಾಡುವುದು ಅದನ್ನೇ. ಹನಿ ಎಣಿಸಿ ಹಾಕಿದರೆ ಆ ಹಿಂದಿನ ಕಾಲಕ್ಕೇ ಹೋದಂತೆ.

ಹೊಸ ಇಂಕಿನ ಅಳತೆ ಹೀಗಿರಲಿ. ಒಂದು ಕ್ಯಾಥೋಡಿಗೆ ಬೇಕಾದದ್ದು 2 ಮಿ.ಗ್ರಾಂ ಪ್ಲಾಟಿನಂ, ಅಂದರೆ 5 ಮಿ.ಗ್ರಾಂ ಪುಡಿ, ಆದರೆ ಸಿಂಪಡಿಸುವಾಗ ಅರ್ಧದಷ್ಟು ಹೊರಗೆ ಹೋಗುವುದರಿಂದ, ತೂಗುವ ಅನುಕೂಲಕ್ಕೂ ಸೇರಿ, 20 ಮಿ.ಗ್ರಾಂ ತೂಗಿ. ಅದರಲ್ಲಿ ಕಾರ್ಬನ್ 12 ಮಿ.ಗ್ರಾಂ. ಅನುಪಾತ 0.8 ಎಂದಿಟ್ಟರೆ ಒಣ ಅಯಾನೊಮರ್ 9.6 ಮಿ.ಗ್ರಾಂ, ಅಂದರೆ 5% ದ್ರಾವಣ 192 ಮಿ.ಗ್ರಾಂ. ಇದನ್ನು ಹನಿಯಲ್ಲಿ ಅಲ್ಲ, ತೂಕದಲ್ಲಿ ಅಳೆಯಿರಿ. ಮುಚ್ಚಳ ತೆರೆದಿಟ್ಟ ಹಳೆಯ ಬಾಟಲಿಯಲ್ಲಿ ಆಲ್ಕೊಹಾಲ್ ಹಾರಿ 5% ಎಂಬುದು 7-8 ಆಗಿರಬಹುದು, ಅನುಮಾನವಿದ್ದರೆ ಸ್ವಲ್ಪ ಒಣಗಿಸಿ ತೂಗಿ ನೋಡಿ.

ಬೆರೆಸುವ ಕ್ರಮ ತಪ್ಪಬಾರದು. ಒಣ ಪುಡಿಯ ಮೇಲೆ ನೇರ ಐಪಿಎ ಸುರಿದರೆ ಪ್ಲಾಟಿನಂ ಮೇಲೆ ಆಲ್ಕೊಹಾಲಿನ ಆವಿ ಗಾಳಿಯೊಂದಿಗೆ ಕೂಡಿ ಹೊತ್ತಿಕೊಳ್ಳಬಹುದು. ಪ್ರಯೋಗಾಲಯದಲ್ಲಿ ಬೆಂಕಿ ಹೀಗೇ ಆಗುವುದು. ಮೊದಲು 1 ಮಿ.ಲೀ. ನೀರು ಹಾಕಿ ಪುಡಿ ಪೂರ್ತಿ ನೆನೆಯಲಿ. ಆಮೇಲೆ 4 ಮಿ.ಲೀ. ಐಪಿಎ, ಕೊನೆಗೆ ನಾಫಿಯಾನ್ ದ್ರಾವಣ. ಅಲ್ಟ್ರಾಸಾನಿಕ್ ಬಾತ್‌ನಲ್ಲಿ ಐಸ್ ಹಾಕಿ 30 ನಿಮಿಷ ಇಡಿ. ಬಾತ್ ಬಿಸಿಯಾದರೆ ಆಲ್ಕೊಹಾಲ್ ಹಾರುತ್ತದೆ, ಅಯಾನೊಮರ್ ಮುದ್ದೆಗಟ್ಟುತ್ತದೆ. ಪ್ರೋಬ್ ಇರುವ ಸಾನಿಕೇಟರ್‌ನಲ್ಲಿ ಬಹಳ ಹೊತ್ತು ಹೊಡೆದರೆ ಪ್ಲಾಟಿನಂ ಕಾರ್ಬನ್‌ನಿಂದ ಕಳಚಿಬೀಳುತ್ತದೆ. ತಯಾರಾದ ಇಂಕು ನೀರು ಮಜ್ಜಿಗೆಯಷ್ಟು ತೆಳುವಾಗಿ, ಗಾಜಿನ ಮೇಲೆ ಎಳೆದರೆ ಕಾಳು ಕಾಣದೆ ಒಂದೇ ಸಮ ಕಪ್ಪಾಗಿರಬೇಕು.

ಬ್ರಶ್ ಬಿಡಿ. ಬ್ರಶ್‌ನಲ್ಲಿ ಇಂಕು ಪೇಪರಿನ ಒಳಕ್ಕೆ ಇಳಿದು ಪೊರೆಗೆ ದೂರವಾಗುತ್ತದೆ, ಕೂದಲಲ್ಲೇ ಎಷ್ಟೋ ಉಳಿಯುತ್ತದೆ. ಕಲಾವಿದರು ಬಳಸುವ ಏರ್‌ಬ್ರಶ್ ಸಾಕು. ಪೇಪರನ್ನು 80 ಡಿಗ್ರಿ ಹಾಟ್ ಪ್ಲೇಟ್ ಮೇಲೆ ಇಟ್ಟು, ಒಂದು ತೆಳು ಪದರ, ಒಣಗಿದ ಮೇಲೆ ಅಡ್ಡಕ್ಕೆ ಇನ್ನೊಂದು, ಹೀಗೆ ಏರಿಸಿ. ಸಿಂಪಡಿಸಿದ್ದು ಒದ್ದೆಯಾಗಿ ಹರಡಬಾರದು, ಹಾಗೆಂದು ತಲುಪುವ ಮೊದಲೇ ಪುಡಿಯಾಗಿ ಒಣಗಲೂಬಾರದು. ಎಷ್ಟು ಬಿತ್ತು ಎಂಬುದನ್ನು ತೂಕ ಹೇಳಬೇಕು: 5 ಚದರ ಸೆಂ.ಮೀ.ಗೆ 2 ಮಿ.ಗ್ರಾಂ ಪ್ಲಾಟಿನಂ, 3 ಮಿ.ಗ್ರಾಂ ಕಾರ್ಬನ್, 2.4 ಮಿ.ಗ್ರಾಂ ಅಯಾನೊಮರ್, ಒಟ್ಟು 7.4 ಮಿ.ಗ್ರಾಂ ಏರಿಕೆ. ಆನೋಡಿಗೆ ಇಷ್ಟು ಬೇಡ. ಜಲಜನಕದ ಕ್ರಿಯೆ ಸಲೀಸು, ಕಾಲುಭಾಗ ಸಾಕು.

ನೇರವಾಗಿ ಪೊರೆಯ ಮೇಲೇ ಸಿಂಪಡಿಸುವವರು ತೂಕದಲ್ಲಿ ಎಡವುತ್ತಾರೆ. 5×5 ಸೆಂ.ಮೀ. ಅಳತೆಯ 212 ಪೊರೆ ಸುಮಾರು 250 ಮಿ.ಗ್ರಾಂ ತೂಗುತ್ತದೆ. ಕೋಣೆಯ ತೇವದಲ್ಲಿ ಅದರ ನೀರಿನಂಶ 1% ಹೆಚ್ಚುಕಮ್ಮಿಯಾದರೂ 2.5 ಮಿ.ಗ್ರಾಂ ವ್ಯತ್ಯಾಸ, ಹಚ್ಚಿದ ಪದರದ ಮೂರನೇ ಒಂದು ಭಾಗ. ಅಂಥವರು ಪಕ್ಕದಲ್ಲಿ ಅಳತೆ ಗೊತ್ತಿರುವ ಒಂದು ಅಲ್ಯುಮಿನಿಯಂ ಫಾಯಿಲ್ ತುಂಡಿಟ್ಟು ಅದರ ಮೇಲೆ ಬಿದ್ದದ್ದನ್ನು ತೂಗುವುದು ಮೇಲು.

ಪೊರೆಯ ತಯಾರಿ ಬೇಗ ಹೇಳುತ್ತೇನೆ. 212ರ ಎರಡೂ ಕಡೆ ರಕ್ಷಣೆಯ ಹಾಳೆ ಇರುತ್ತದೆ, ಎರಡನ್ನೂ ತೆಗೆದಿರಾ ನೋಡಿ. ಒಂದು ಉಳಿದರೂ ಕೋಶ ನಡೆಯುವುದಿಲ್ಲ. 3% ಹೈಡ್ರೋಜನ್ ಪೆರಾಕ್ಸೈಡ್, ಶುದ್ಧ ನೀರು, 0.5 ಮೋಲಾರ್ ಸಲ್ಫ್ಯೂರಿಕ್ ಆಮ್ಲ, ಮತ್ತೆ ಶುದ್ಧ ನೀರು: ಪ್ರತಿಯೊಂದರಲ್ಲೂ 80 ಡಿಗ್ರಿಯಲ್ಲಿ ಒಂದು ಗಂಟೆ. ನೀರಲ್ಲಿ ಪೊರೆ ಉದ್ದಗಲ ಎರಡೂ ಕಡೆ ಹತ್ತು-ಹದಿನೈದು ಶೇಕಡಾ ಹಿಗ್ಗುತ್ತದೆ. ಹಿಗ್ಗಿದ್ದನ್ನು ಹಾಗೇ ಪ್ರೆಸ್‌ಗೆ ಇಟ್ಟರೆ ಬಿಸಿಗೆ ಕುಗ್ಗಿ ಸುಕ್ಕಾಗುತ್ತದೆ, ಸುಕ್ಕಿನ ಮಡಿಕೆಯಲ್ಲೇ ಮುಂದೆ ಬಿರುಕು. ಫಿಲ್ಟರ್ ಪೇಪರ್ ನಡುವೆ ಚಪ್ಪಟೆಯಾಗಿ ಒಣಗಿಸಿ, ಆಮೇಲೆ ಪ್ರೆಸ್ ಮಾಡಿ. 130 ಡಿಗ್ರಿ ಸರಿ, ಮೂರು ನಿಮಿಷ ಸಾಕು. ಒತ್ತಡವನ್ನು ಎಲೆಕ್ಟ್ರೋಡಿನ ವಿಸ್ತೀರ್ಣದ ಮೇಲೆ ಲೆಕ್ಕ ಹಾಕಿ, ಚದರ ಸೆಂ.ಮೀ.ಗೆ 20ರಿಂದ 50 ಕಿಲೋಗ್ರಾಂ ದಾಟಬೇಡಿ. ಪ್ರೆಸ್‌ನ ಗೇಜ್ ತೋರಿಸುವುದು ಎಣ್ಣೆಯ ಒತ್ತಡ, ನಿಮ್ಮ ತುಂಡಿನ ಮೇಲಿನ ಒತ್ತಡ ಅಲ್ಲ. ಈ ಗೊಂದಲದಲ್ಲಿ ಕಾರ್ಬನ್ ಪೇಪರ್ ಪುಡಿಯಾಗಿ, ಎಳೆ ಪೊರೆಯೊಳಗೆ ಇಳಿದು, ಮೇಲೆ ಹೇಳಿದ ಶಾರ್ಟ್ ಹುಟ್ಟುತ್ತದೆ. ಒತ್ತಡ ಬಿಡುವ ಮೊದಲು ತಟ್ಟೆ ತಣಿಯಲಿ.

ಹೊಸ ಕೋಶ ಮೊದಲ ಗಂಟೆಯಲ್ಲೇ ತನ್ನ ಶಕ್ತಿ ತೋರುವುದಿಲ್ಲ. 0.6 ವೋಲ್ಟ್‌ನಲ್ಲಿ ಹಿಡಿದು, ನಡುನಡುವೆ 0.4ಕ್ಕೆ ಇಳಿಸಿ ಏರಿಸಿ, ಕರೆಂಟ್ ಸ್ಥಿರವಾಗುವವರೆಗೆ ಕೆಲವು ಗಂಟೆ ಓಡಿಸಿ. ಆಮೇಲೆ ಕ್ಯಾಥೋಡಿಗೆ ನೈಟ್ರೋಜನ್ ಕೊಟ್ಟು ಸೈಕ್ಲಿಕ್ ವೋಲ್ಟಾಮೆಟ್ರಿ (ವೋಲ್ಟೇಜನ್ನು ಏರಿಸಿ ಇಳಿಸುತ್ತ ಕರೆಂಟ್ ಅಳೆಯುವುದು) ಮಾಡಿ. ಗ್ರಾಂಗೆ 60 ಚದರ ಮೀಟರ್ ಪ್ಲಾಟಿನಂ ಮೇಲ್ಮೈ ದುಡಿಯುತ್ತಿದ್ದರೆ, ಪ್ಲಾಟಿನಂನ ಚದರ ಸೆಂ.ಮೀ.ಗೆ 210 ಮೈಕ್ರೋಕೂಲಂಬ್ ಲೆಕ್ಕದಲ್ಲಿ, ಜಲಜನಕ ಬಿಡುವ ಶಿಖರದ ಚಾರ್ಜ್ ಎಲೆಕ್ಟ್ರೋಡಿನ ಚದರ ಸೆಂ.ಮೀ.ಗೆ 50 ಮಿಲಿಕೂಲಂಬ್ ಬರಬೇಕು. ಈಗಿನ ಕೋಶದಲ್ಲೂ ಬಿಚ್ಚುವ ಮೊದಲು ಇದನ್ನು ಅಳೆದಿಡಿ. ಅರ್ಧಕ್ಕಿಂತ ಕಡಿಮೆ ಬಂದರೆ ಅಯಾನೊಮರ್ ಕುರಿತ ನನ್ನ ಲೆಕ್ಕ ಸರಿ ಎಂದು ಗೊತ್ತಾಗುತ್ತದೆ.

ನೀರು ತುಂಬಿ ಕೆಡುತ್ತಿದೆಯೇ ಎಂಬ ಪ್ರಶ್ನೆಗೆ ಗಾಳಿಯ ಬದಲು ಶುದ್ಧ ಆಮ್ಲಜನಕ ಕೊಟ್ಟು ನೋಡುವುದು ಸರಳ ದಾರಿ. ಅದೇ ಕರೆಂಟಿನಲ್ಲಿ 40ರಿಂದ 60 ಮಿಲಿವೋಲ್ಟ್ ಏರಿದರೆ ಸಹಜ. 150 ಏರಿದರೆ ಆಮ್ಲಜನಕಕ್ಕೆ ದಾರಿ ಸಿಗುತ್ತಿಲ್ಲ. ಆಮ್ಲಜನಕದ ಅಂಕಿಯನ್ನು ಗಾಳಿಯ ಅಂಕಿಯೊಂದಿಗೆ ಹೋಲಿಸಬೇಡಿ. 2024ರ ಜನವರಿ 1ರಂದು ಪಿಎಸ್‌ಎಲ್‌ವಿ-ಸಿ58ರ ಪೋಯಂ-3 ವೇದಿಕೆಯಲ್ಲಿ ಹಾರಿದ ಇಸ್ರೊದ 100 ವ್ಯಾಟ್ ದರ್ಜೆಯ ಕೋಶ ಜಲಜನಕ, ಆಮ್ಲಜನಕ ಎರಡನ್ನೂ ಸಿಲಿಂಡರಿನಲ್ಲಿ ಒಯ್ದಿತ್ತು. ಅಂಥ ಕೋಶದ ವಿನ್ಯಾಸವೇ ಬೇರೆ. ಪ್ರಯೋಗ ಮುಗಿದಾಗ ಎರಡೂ ಕಡೆ ನೈಟ್ರೋಜನ್ ಹಾಯಿಸಿ ನಿಲ್ಲಿಸಿ. ಗಾಳಿಯಲ್ಲಿ 4ರಿಂದ 75% ಜಲಜನಕವಿದ್ದರೆ ಹೊತ್ತಿಕೊಳ್ಳುತ್ತದೆ. ಹೊರಕೊಳವೆ ಫ್ಯೂಮ್ ಹುಡ್‌ಗೆ ಹೋಗಲಿ, ಕಿಟಕಿಗೆ ಅಲ್ಲ.

ಸ್ವಂತ ಪೊರೆಯ ವಿಚಾರ. ಕಾಲೇಜಿನಲ್ಲಿ ಮಾಡಬಹುದಾದದ್ದು ಸಲ್ಫೊನೇಟ್ ಮಾಡಿದ ಪೀಕ್ (ಪಾಲಿಈಥರ್ ಈಥರ್ ಕೀಟೋನ್) ಪೊರೆ. ಒಣಗಿಸಿದ ಪೀಕ್ ಪುಡಿ 1 ಗ್ರಾಂಗೆ 20 ಮಿ.ಲೀ. ಸಾಂದ್ರ ಸಲ್ಫ್ಯೂರಿಕ್ ಆಮ್ಲ, 50 ಡಿಗ್ರಿಯಲ್ಲಿ ಕಲಕುತ್ತ ಕೆಲವು ಗಂಟೆ, ಐಸ್ ನೀರಿಗೆ ಎಳೆಯಾಗಿ ಸುರಿದು ಪಿಎಚ್ ತಟಸ್ಥವಾಗುವವರೆಗೆ ತೊಳೆಯುವುದು, ಒಣಗಿಸಿ ಡೈಮಿಥೈಲ್ ಅಸಿಟಮೈಡ್‌ನಲ್ಲಿ 10% ಕರಗಿಸಿ ಗಾಜಿನ ಮೇಲೆ ಎರಕ. ಡೈಮಿಥೈಲ್ ಫಾರ್ಮಮೈಡ್ ಬೇಡ, ಅದು ಆಮ್ಲ ಗುಂಪಿಗೆ ಅಂಟಿಕೊಂಡು ವಾಹಕತೆ ಕೆಡಿಸುತ್ತದೆ. ಸಲ್ಫೊನೇಶನ್ 60%ರ ಹತ್ತಿರ ನಿಲ್ಲಿಸಿ. 80% ದಾಟಿದರೆ ಬಿಸಿ ನೀರಲ್ಲಿ ಪೊರೆಯೇ ಕರಗುತ್ತದೆ. ಪೊರೆಯನ್ನು 1 ಮೋಲಾರ್ ಉಪ್ಪುನೀರಲ್ಲಿ ಒಂದು ದಿನ ನೆನೆಸಿ, ಬಂದ ಆಮ್ಲವನ್ನು 0.01 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಟೈಟ್ರೇಟ್ ಮಾಡಿ: 60% ಎಂದರೆ ಗ್ರಾಂಗೆ ಸುಮಾರು 1.8 ಮಿಲಿಈಕ್ವಿವಲೆಂಟ್ ಆಮ್ಲ, ನಾಫಿಯಾನ್‌ಗೆ 0.91. ಅಂಕಿ ಇಮ್ಮಡಿ ಕಂಡು ಹಿಗ್ಗಬೇಡಿ, ಒಣ ಅನಿಲದಲ್ಲಿ ಇದು ನಾಫಿಯಾನ್‌ಗಿಂತ ಬೇಗ ಸೋಲುತ್ತದೆ, ರ್‍ಯಾಡಿಕಲ್‌ಗಳ ಮುಂದೆಯೂ ನಿಲ್ಲುವುದಿಲ್ಲ. 1965ರಲ್ಲಿ ಜೆಮಿನಿ 5 ನೌಕೆಯಲ್ಲಿ ಹಾರಿದ ಜನರಲ್ ಎಲೆಕ್ಟ್ರಿಕ್ ಕೋಶದ ಪಾಲಿಸ್ಟೈರೀನ್ ಸಲ್ಫಾನಿಕ್ ಪೊರೆಯ ಬಾಳಿಕೆ ಕಡಿಮೆಯಾದದ್ದೂ ಇದೇ ಕಾರಣಕ್ಕೆ. ಫ್ಲೋರಿನ್ ತುಂಬಿದ ನಾಫಿಯಾನ್ ಗೆದ್ದದ್ದು ಅಲ್ಲಿಯೇ. ಆದ್ದರಿಂದ ವಿದ್ಯಾರ್ಥಿಗಳಿಗೆ ಪೊರೆ ಮಾಡಲು ಕಲಿಸಿ, ಅವಶ್ಯ. ಆದರೆ ಕೋಶದ ದೋಷ ಹುಡುಕುವ ಹೊತ್ತಿನಲ್ಲಿ ಪೊರೆಯನ್ನು ಬದಲಿಸಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ಕೊನೆಯದಾಗಿ ಕೋಬಾಲ್ಟ್ ಪುಡಿ. ಕೆಓಎಚ್‌ನಲ್ಲಿ ಬಂದ ಫಲಿತಾಂಶ ಈ ಕೋಶಕ್ಕೆ ಸಾಕ್ಷಿಯಾಗುವುದಿಲ್ಲ, ಏಕೆಂದರೆ ನಾಫಿಯಾನ್ ಕೋಶದ ಒಳಗಿರುವುದು ಪ್ರಬಲ ಆಮ್ಲ. ಕ್ಷಾರದಲ್ಲಿ ಹಲವು ಬಗೆಯ ಕಾರ್ಬನ್‌ಗಳು ಚೆನ್ನಾಗಿ ಕಾಣುತ್ತವೆ, ಆಮ್ಲದಲ್ಲಿ ಹಿಂದೆ ಬೀಳುತ್ತವೆ. ಅದೇ ಪುಡಿಯನ್ನು 0.1 ಮೋಲಾರ್ ಪರ್ಕ್ಲೋರಿಕ್ ಆಮ್ಲದಲ್ಲಿ ಮತ್ತೆ ಅಳೆಯಿರಿ. ಆಗ ಎದುರು ಎಲೆಕ್ಟ್ರೋಡ್ ಪ್ಲಾಟಿನಂ ತಂತಿಯಾಗಿರಬಾರದು, ಗ್ರಾಫೈಟ್ ಕಡ್ಡಿ ಇರಲಿ. ತಂತಿಯಿಂದ ಕರಗಿದ ಪ್ಲಾಟಿನಂ ನಿಮ್ಮ ಪುಡಿಯ ಮೇಲೆ ಕೂತು ಸುಳ್ಳು ಫಲಿತಾಂಶ ಕೊಡುತ್ತದೆ. ಪುಡಿಯನ್ನು 0.5 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ 80 ಡಿಗ್ರಿಯಲ್ಲಿ ಎಂಟು ಗಂಟೆ ತೊಳೆದು ಬಿಡಿ ಲೋಹದ ಕಣ ತೆಗೆಯಿರಿ, ಮತ್ತೊಮ್ಮೆ ನೈಟ್ರೋಜನ್‌ನಲ್ಲಿ ಕಾಯಿಸಿ. ತೊಳೆಯದೆ ಹಾಕಿದರೆ ಕೋಬಾಲ್ಟ್ ಪೊರೆಗೇ ಇಳಿಯುತ್ತದೆ. ರಿಂಗ್-ಡಿಸ್ಕ್ ಎಲೆಕ್ಟ್ರೋಡ್ ಇದ್ದರೆ ಪೆರಾಕ್ಸೈಡ್ ಎಷ್ಟು ಹುಟ್ಟುತ್ತಿದೆ ನೋಡಿ. ಇವೆಲ್ಲ ದಾಟಿದ ಮೇಲೆ ಕೋಶ: ಕ್ಯಾಥೋಡಿನಲ್ಲಿ ಚದರ ಸೆಂ.ಮೀ.ಗೆ 3ರಿಂದ 4 ಮಿ.ಗ್ರಾಂ ಪುಡಿ, ಆನೋಡಿನಲ್ಲಿ ಮಾಮೂಲಿ ಪ್ಲಾಟಿನಂ. ಪದರದ ದಪ್ಪ ನೂರು ಮೈಕ್ರೋಮೀಟರ್ ಮುಟ್ಟುವುದರಿಂದ ಗ್ಯಾಸ್ಕೆಟ್ ಲೆಕ್ಕ ಮೊದಲಿನಿಂದ ಹಾಕಬೇಕು. ಆಮ್ಲದಲ್ಲಿ ಪುಡಿ ನಿಲ್ಲದಿದ್ದರೆ ಅದಕ್ಕೆ ತಕ್ಕ ಜಾಗ ಹೈಡ್ರಾಕ್ಸೈಡ್ ಸಾಗಿಸುವ ಕ್ಷಾರ ಪೊರೆಯ ಕೋಶ. ಅಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಪೊರೆಯನ್ನು ಕಾರ್ಬೊನೇಟ್ ಮಾಡಿ ರೋಧ ಏರಿಸುವುದರಿಂದ ಮೊದಲ ಅಳತೆಯನ್ನು ಶುದ್ಧ ಆಮ್ಲಜನಕದಲ್ಲೇ ಮಾಡಿ.